ಗ್ರಂಥಪಠನವೂ ಗೃಹಹಾಸ್ಯವೂ

ಓದಿನಿಂದ ಮನುಷ್ಯನು ಬೆಳೆಯುತ್ತಾನೆಂಬ ಮಾತನ್ನು ನಮ್ಮಲ್ಲಿ ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ‘ದೇಶ ಸುತ್ತು, ಕೋಶ ಓದು’ ಎಂದು ಉಪದೇಶಿಸಿದ ನಮ್ಮ ಜನವೇ ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ಎಚ್ಚರಿಕೆಯನ್ನೂ ಹೇಳಿದೆ. ಅಷ್ಟಕ್ಕೆ ನಿಲ್ಲದೆ ‘ಓದಿ ಓದಿ ಮರುಳಾದ ಕೂಚುಭಟ್ಟ’ ಎಂದು ನಕ್ಕಿದೆ. ಈ ಮೂರು ಗಾದೆಗಳನ್ನೂ ಒಂದೆಡೆ ಇಟ್ಟು ನೋಡಿದರೆ ನಮ್ಮ ಹಿರಿಯರ ಅಭಿಪ್ರಾಯವು ಸ್ಪಷ್ಟವಾಗುತ್ತದೆ. ಅವರು ಓದನ್ನು ಗೌರವಿಸಿದರು. ಓದಿದವನನ್ನು ಮಾತ್ರ ಪರೀಕ್ಷಿಸದೆ ಬಿಡಲಿಲ್ಲ. ಆ ಪರೀಕ್ಷೆಯು ನಡೆಯುತ್ತಿದ್ದುದು ಮನೆಯಲ್ಲಿ. ಪರೀಕ್ಷಕರು ಹೆಂಡತಿ, ಮಕ್ಕಳು, ಸೋದರತ್ತೆ ಮತ್ತು ಊಟಕ್ಕೆ ಬಂದ ಭಾವಮೈದುನ. ಅವರ ಕೈಯಲ್ಲಿದ್ದ ಅಳತೆಗೋಲು ನಗು.

ಇಂದು ಆತ್ಮೋನ್ನತಿಗಾಗಿ ಓದತಕ್ಕ ಗ್ರಂಥಗಳನ್ನು ಒಂದು ಕಪಾಟಿನಲ್ಲಿಯೂ, ಮನೆಮಂದಿ ನಕ್ಕು ಮರೆಯತಕ್ಕ ಹಾಸ್ಯವನ್ನು ಮತ್ತೊಂದರಲ್ಲಿಯೂ ಇಡುವ ಪದ್ಧತಿ ಬೆಳೆದಿದೆ. ಮೊದಲನೆಯದು ಗಂಭೀರ, ಎರಡನೆಯದು ಕಾಲಹರಣ ಎಂಬುದು ವಿದ್ಯಾವಂತರ ಸಾಮಾನ್ಯ ಭಾವನೆ. ಈ ವಿಂಗಡಣೆಯಿಂದ ಎರಡಕ್ಕೂ ನಷ್ಟವಾಗಿದೆಯೆಂದೂ, ಕನ್ನಡದ ಅನುಭವವು ಇದಕ್ಕೆ ಸಂಪೂರ್ಣ ವಿರುದ್ಧವಾಗಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಆತ್ಮೋನ್ನತಿಯ ಗ್ರಂಥಗಳ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬಾತನು 1859ರಲ್ಲಿ ‘ಸೆಲ್ಫ್ ಹೆಲ್ಪ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಕಡುಬಡತನದಿಂದ ಸ್ವಪ್ರಯತ್ನದಿಂದ ಮೇಲೆ ಬಂದ ಯಂತ್ರಶಿಲ್ಪಿಗಳು, ಕುಶಲಕರ್ಮಿಗಳು ಮೊದಲಾದವರ ಜೀವನವೃತ್ತಾಂತಗಳೇ ಅದರ ತಿರುಳು. ಅದು ಲೋಕದ ಅನೇಕ ಭಾಷೆಗಳಿಗೆ ಇಳಿಯಿತು. ಈ ಜಾತಿಯ ಗ್ರಂಥಗಳಿಗೆ ಹೆಸರನ್ನೂ ಕೊಟ್ಟಿತು. ಅದರ ಸಂತತಿಯು ಇಂದು ‘ವ್ಯಕ್ತಿತ್ವ ವಿಕಸನ’ ಎಂಬ ಫಲಕದ ಕೆಳಗೆ ನಮ್ಮ ಪುಸ್ತಕದ ಅಂಗಡಿಗಳನ್ನು ತುಂಬಿದೆ. ಇಷ್ಟು ದಿನಗಳಲ್ಲಿ ಕೋಪವನ್ನು ಗೆಲ್ಲುವ ಬಗೆ, ಇಷ್ಟು ಸೂತ್ರಗಳಲ್ಲಿ ಐಶ್ವರ್ಯವನ್ನು ಪಡೆಯುವ ಬಗೆ, ಮೇಲಧಿಕಾರಿಯ ಮನಸ್ಸನ್ನು ಒಲಿಸಿಕೊಳ್ಳುವ ಬಗೆ ಎಲ್ಲವೂ ಅಲ್ಲಿ ದೊರೆಯುತ್ತವೆ.

ಈ ಗ್ರಂಥಗಳನ್ನು ಹೀನಾಯವಾಗಿ ಕಾಣುವುದು ಸರಿಯಲ್ಲ. ಸಣ್ಣ ಊರಿನಿಂದ ಬಂದು ದೊಡ್ಡ ಪಟ್ಟಣದಲ್ಲಿ ಒಂಟಿಯಾಗಿ ನಿಂತ ಯುವಕನಿಗೆ ಅವುಗಳಿಂದ ಧೈರ್ಯ ಬಂದಿರುವುದುಂಟು. ಆದರೆ ಅವುಗಳಲ್ಲಿ ಒಂದು ದೊಡ್ಡ ಕೊರತೆಯಿದೆ. ಅವು ಓದುಗನನ್ನು ಒಬ್ಬಂಟಿಗನೆಂದು ಭಾವಿಸುತ್ತವೆ. ಅವನ ಬೆಳವಣಿಗೆಯನ್ನು ಕಚೇರಿಯ ಮೆಟ್ಟಿಲುಗಳಿಂದ ಅಳೆಯುತ್ತವೆ. ‘ಕೋಪವನ್ನು ಜಯಿಸುವುದು ಹೇಗೆ’ ಎಂಬ ಗ್ರಂಥವನ್ನು ಓದುತ್ತಿರುವ ಯಜಮಾನನು ಕಾಫಿ ಐದು ನಿಮಿಷ ತಡವಾಯಿತೆಂದು ಅಡುಗೆಮನೆಯ ಕಡೆಗೆ ಗರ್ಜಿಸಿದರೆ, ಅವನ ಓದು ಎಷ್ಟನೆಯ ಪುಟಕ್ಕೆ ಬಂದಿದೆಯೆಂಬುದು ಮನೆಯವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಗ್ರಂಥಕರ್ತನು ಮಾಡಲಾರದ ಪರೀಕ್ಷೆಯನ್ನು ಹಜಾರದಲ್ಲಿ ಕುಳಿತ ಮಗಳು ತನ್ನ ಒಂದು ಕಿರುನಗೆಯಿಂದ ಮಾಡಿ ಮುಗಿಸುತ್ತಾಳೆ. ಆ ನಗೆಯನ್ನು ಸಹಿಸಿ, ತಾನೂ ನಕ್ಕು, ಎದ್ದುಹೋಗಿ ಕಾಫಿಯನ್ನು ತಾನೇ ತಂದುಕೊಳ್ಳಬಲ್ಲವನು ಆ ಗ್ರಂಥವನ್ನು ನಿಜವಾಗಿ ಓದಿದವನು.

ಈ ಸತ್ಯವನ್ನು ಕನ್ನಡದ ರಂಗಭೂಮಿಯ ಮೇಲೆ ಎತ್ತಿ ನಿಲ್ಲಿಸಿದವರು ಟಿ. ಪಿ. ಕೈಲಾಸಂ ಅವರು. ಅವರ ‘ಟೊಳ್ಳು ಗಟ್ಟಿ’ ನಾಟಕದಲ್ಲಿ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಒಬ್ಬನು ಪುಸ್ತಕಗಳನ್ನು ಕಂಠಪಾಠಮಾಡಿ ಪರೀಕ್ಷೆಗಳಲ್ಲಿ ಮೇಲಾದವನು. ತಂದೆಯ ಹೆಮ್ಮೆಗೆ ಪಾತ್ರನಾದವನು. ಮತ್ತೊಬ್ಬನು ಪರೀಕ್ಷೆಯ ಲೆಕ್ಕದಲ್ಲಿ ದಡ್ಡ. ಆದರೆ ಮನೆಯವರ ಕಷ್ಟಕ್ಕೆ ಆಗಿಬರುವವನು. ಯಾರು ಟೊಳ್ಳು, ಯಾರು ಗಟ್ಟಿ ಎಂಬುದನ್ನು ಕೈಲಾಸಂ ಅವರು ಭಾಷಣದಿಂದ ಸ್ಥಾಪಿಸಲಿಲ್ಲ. ಮನೆಯೊಳಗಿನ ಆಡುಮಾತಿನಿಂದ, ನಗಿಸುತ್ತ ನಗಿಸುತ್ತ ಸ್ಥಾಪಿಸಿದರು. ಸ್ವತಃ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದವರು ಓದನ್ನು ಹಳಿಯುವವರಲ್ಲ. ಓದಿನ ಹೆಸರಿನಲ್ಲಿ ಮನೆಗೆ ಪರಕೀಯರಾಗುವವರನ್ನು ಅವರು ಹಾಸ್ಯಕ್ಕೆ ಗುರಿಮಾಡಿದರು. ಆ ನಾಟಕವನ್ನು ನೋಡಿ ನಗುವ ಎಷ್ಟೋ ತಂದೆತಾಯಿಗಳು ಮನೆಗೆ ಹೋಗುವಾಗ ತಮ್ಮ ಕಿರಿಯ ಮಗನನ್ನು ಕುರಿತು ಯೋಚಿಸದೆ ಇದ್ದಿರಲಾರರು.

ಓದೂ ನಗುವೂ ಒಂದೇ ಚಾಪೆಯ ಮೇಲೆ ಕುಳಿತ ಚಿತ್ರವನ್ನು ನೋಡಬೇಕಾದರೆ ಮುದ್ದಣನ ಬಳಿಗೆ ಹೋಗಬೇಕು. ನಂದಳಿಕೆಯ ಲಕ್ಷ್ಮೀನಾರಣಪ್ಪನು 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಹುಡುಗರಿಗೆ ಅಂಗಸಾಧನೆಯನ್ನು ಕಲಿಸುವ ಉಪಾಧ್ಯಾಯನಾಗಿ, ಬಡತನ ಮತ್ತು ಕ್ಷಯರೋಗಗಳ ನಡುವೆ ಬಾಳಿ, 1901ರಲ್ಲಿ ತೀರಿಕೊಂಡನು. ಅವನ ‘ಶ್ರೀರಾಮಾಶ್ವಮೇಧ’ವು ಯಾಗದ ಕಥೆ. ಆದರೆ ಕನ್ನಡಿಗರ ಮನಸ್ಸಿನಲ್ಲಿ ಉಳಿದಿರುವುದು ಆ ಕಥೆಗೆ ಚೌಕಟ್ಟಾಗಿ ಬರುವ ಮುದ್ದಣ ಮನೋರಮೆಯರ ಸಲ್ಲಾಪ. ಮಳೆಗಾಲದಲ್ಲಿ ಬೇಸರ ಕಳೆಯಲು ಹೆಂಡತಿಯು ಕಥೆ ಕೇಳುತ್ತಾಳೆ; ಗಂಡನು ಒಂದೊಂದಾಗಿ ಕಥೆಗಳ ಹೆಸರು ಹೇಳಿದರೆ ಅವಳು ಒಂದೊಂದನ್ನೂ ತಳ್ಳಿಹಾಕುತ್ತಾಳೆ. ಪದ್ಯವು ಬೇಡ, ಗದ್ಯದಲ್ಲಿಯೇ ಹೇಳಬೇಕೆಂದು ಹಟ ಹಿಡಿಯುತ್ತಾಳೆ. ಸಂಸ್ಕೃತದ ಭಾರವನ್ನು ಹೊರಿಸಿದಾಗ ಛೇಡಿಸುತ್ತಾಳೆ. ಕಥೆ ಹೇಳಿದ್ದಕ್ಕೆ ಬಹುಮಾನವೇನು ಎಂಬುದರ ಮೇಲೆಯೂ ಚೌಕಾಸಿ ನಡೆಯುತ್ತದೆ.

ಇದರಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪಂಡಿತನ ಭಾಷೆಯನ್ನು ತಿದ್ದಿದವಳು ಅವನ ಮನೆಯ ಶ್ರೋತೃ. ಅವಳಿಗೆ ತಿಳಿಯದಿದ್ದರೆ ಅವನ ವಿದ್ಯೆಗೆ ಬೆಲೆಯಿಲ್ಲ. ಅವಳು ನಕ್ಕರೆ ಅವನಿಗೆ ಅವಮಾನವೂ ಇಲ್ಲ. ಮುದ್ದಣನು ತನ್ನ ಕೃತಿಯನ್ನು ತನ್ನದೆಂದು ಹೇಳಿಕೊಳ್ಳದೆ, ಹಳೆಯ ಕಾವ್ಯವೆಂಬ ಭಾವನೆ ಬರುವಂತೆ ಮುದ್ರಣಕ್ಕೆ ಕಳುಹಿಸಿದನು. ಬದುಕಿರುವಾಗ ಅವನಿಗೆ ಕೀರ್ತಿ ಬರಲಿಲ್ಲ, ಹಣ ಬರಲಿಲ್ಲ. ಅಂತಹ ದಾರಿದ್ರ್ಯದಲ್ಲಿಯೂ ಗಂಡಹೆಂಡಿರ ಸರಸವನ್ನು ಕಲ್ಪಿಸಿ ಕನ್ನಡಕ್ಕೆ ಬಿಟ್ಟುಹೋದ ಆ ಮನಸ್ಸಿನ ಐಶ್ವರ್ಯವನ್ನು ಯಾವ ಸೂತ್ರದ ಪುಸ್ತಕವು ಕಲಿಸಬಲ್ಲದು?

ಮುದ್ದಣನ ಚೌಕಟ್ಟು ಕೇವಲ ಕವಿಕಲ್ಪನೆಯೂ ಅಲ್ಲ. ಒಬ್ಬರು ಓದುವುದು, ಉಳಿದವರು ಕೇಳುವುದು ನಮ್ಮ ನಾಡಿನ ಹಳೆಯ ರೂಢಿ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಗಮಕಿಗಳು ಜಗಲಿಯಲ್ಲಿ, ದೇವಾಲಯದ ಪ್ರಾಂಗಣದಲ್ಲಿ, ಮನೆಯ ನಡುಮನೆಯಲ್ಲಿ ವಾಚಿಸುತ್ತಿದ್ದರು. ಅಕ್ಷರ ಬಾರದವರೂ ಆ ಕಾವ್ಯಗಳ ರಸವನ್ನು ಬಲ್ಲವರಾಗಿದ್ದರು. ವಿರಾಟಪರ್ವದ ಉತ್ತರಕುಮಾರನ ಪ್ರಸಂಗವನ್ನು ನೆನೆಯಿರಿ. ಅಂತಃಪುರದ ಹೆಣ್ಣುಮಕ್ಕಳ ಮುಂದೆ ಅವನ ಪರಾಕ್ರಮಕ್ಕೆ ಎಣೆಯಿಲ್ಲ. ಕೌರವಸೈನ್ಯವು ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಟ. ಆ ಭಾಗವನ್ನು ಓದಿದಾಗ ನಡುಮನೆಯೆಲ್ಲ ನಗುವುದು ಉತ್ತರನನ್ನು ಕಂಡು ಮಾತ್ರವಲ್ಲ. ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ಉತ್ತರಕುಮಾರನಿರುತ್ತಾನೆ, ಅವನು ಯಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಯಾರೂ ಹೆಸರು ಹೇಳುವುದಿಲ್ಲ. ಅವನಿಗೂ ತಿಳಿಯುತ್ತದೆ. ಉಪದೇಶಮಾಡಿದ್ದರೆ ಜಗಳವಾಗುತ್ತಿದ್ದ ಮಾತು ಕಾವ್ಯದ ಮೂಲಕ ನಗೆಯಾಗಿ ಒಳಗಿಳಿಯುತ್ತದೆ. ಇದಕ್ಕಿಂತ ಸುಲಭವಾದ ಆತ್ಮಸಂಸ್ಕಾರವನ್ನು ನಾವು ಕಾಣೆವು.

ಅಚ್ಚಿನ ಪುಸ್ತಕವು ಬಂದ ಮೇಲೆ ಓದು ಮನೆಮನೆಗೆ ಹೋಗಬೇಕಾಯಿತು. ಅದನ್ನು ಅಕ್ಷರಶಃ ಹೊತ್ತುಕೊಂಡು ಹೋದವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. ಅಗಡಿಯಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಅವರು ಕನ್ನಡ ಓದುಗರನ್ನು ಬೆಳೆಸಿದರು, ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲಿಟ್ಟುಕೊಂಡು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಮನೆಗೆ ಹೊಸ ಪುಸ್ತಕಗಳನ್ನು ತಲುಪಿಸಿತು. ಇಂತಹವರ ದುಡಿಮೆಯಿಂದ ಅಂಚೆಯವನು ತಂದ ಪುಸ್ತಕವು ಯಜಮಾನನ ಮೇಜಿನಿಂದ ದೇವರಮನೆಯ ಮೂಲೆಗೂ, ಅಲ್ಲಿಂದ ಅಡುಗೆಮನೆಗೂ ಪ್ರಯಾಣ ಬೆಳೆಸಿತು.

ಹೀಗೆ ಒಳಮನೆಗೆ ಬಂದ ಸಾಹಿತ್ಯದಲ್ಲಿ ಮನೆಯ ಹಾಸ್ಯಕ್ಕೆ ಗೌರವದ ಪೀಠವನ್ನು ಕೊಟ್ಟದ್ದು ‘ಕೊರವಂಜಿ’. ಡಾಕ್ಟರ್ ಎಂ. ಶಿವರಾಂ ಅವರು ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತ, 1942ರಲ್ಲಿ ಈ ಮಾಸಪತ್ರಿಕೆಯನ್ನು ಬೆಂಗಳೂರಿನಲ್ಲಿ ಪ್ರಾರಂಭಿಸಿ 1967ರವರೆಗೆ ನಡೆಸಿದರು. ಯುದ್ಧದ ಕಾಲ; ಕಾಗದಕ್ಕೆ ಅಭಾವ, ಅಕ್ಕಿಗೆ ಪಡಿತರ. ಜನರು ನಗುವುದನ್ನೇ ಮರೆಯಬಹುದಾಗಿದ್ದ ಹೊತ್ತಿನಲ್ಲಿ ಒಬ್ಬ ವೈದ್ಯರು ನಗೆಯ ಪತ್ರಿಕೆಯನ್ನು ಹೊರಡಿಸಿದರು. ಮುಂದೆ ಲೋಕಪ್ರಸಿದ್ಧರಾದ ಆರ್. ಕೆ. ಲಕ್ಷ್ಮಣರ ಆರಂಭದ ವ್ಯಂಗ್ಯಚಿತ್ರಗಳು ಇದರಲ್ಲಿ ಬೆಳಕು ಕಂಡವು. ಕನ್ನಡದ ಮೊದಲ ಹಾಸ್ಯಲೇಖಕಿಯೆಂದು ಹೆಸರಾದ ಟಿ. ಸುನಂದಮ್ಮನವರು ಇದರ ಪುಟಗಳಲ್ಲಿಯೇ ಬೆಳೆದರು.

ರಾಶಿಯವರ ವಿಷಯದಲ್ಲಿ ಇನ್ನೂ ಒಂದು ಮಾತು ನಮ್ಮ ಪ್ರಕೃತಕ್ಕೆ ಮುಖ್ಯವಾದದ್ದು. ನಾಡನ್ನು ನಗಿಸಿದ ಇದೇ ಲೇಖನಿಯು ಮನಶ್ಶಾಸ್ತ್ರವನ್ನು ಕುರಿತು ‘ಮನಮಂಥನ’ವೆಂಬ ಗ್ರಂಥವನ್ನೂ ಬರೆಯಿತು, 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನಸ್ಸಿನ ಗಂಟುಗಳನ್ನು ಬಿಡಿಸುವ ಶಾಸ್ತ್ರವೂ ಮನೆಮಂದಿಯ ನಗೆಯೂ ಒಬ್ಬರೇ ವೈದ್ಯರ ಎರಡು ಔಷಧಗಳಾಗಿದ್ದವು. ನಾವು ಪ್ರತ್ಯೇಕ ಕಪಾಟುಗಳಲ್ಲಿ ಇಡುತ್ತಿರುವುದು ಒಂದೇ ಔಷಧಾಲಯದ ಶೀಸೆಗಳನ್ನು.

ಪುಸ್ತಕವು ಮನುಷ್ಯನನ್ನು ಬದಲಿಸುತ್ತದೆಯೇ ಎಂದು ಸಂದೇಹಪಡುವವರಿಗೆ ಬೀಚಿಯವರ ಉದಾಹರಣೆ ಸಾಕು. ರಾಯಸಂ ಭೀಮಸೇನರಾಯರು ಹರಪನಹಳ್ಳಿಯವರು. ಪೋಲೀಸು ಇಲಾಖೆಯ ನೌಕರರು. ಕನ್ನಡ ಪುಸ್ತಕಗಳನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳದಿದ್ದ ಅವರ ಕೈಗೆ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವೆಂಬ ಕಾದಂಬರಿ ಬಿದ್ದಿತು. ಆ ಒಂದು ಓದಿನಿಂದ ಅವರು ಕನ್ನಡಕ್ಕೆ ತಿರುಗಿದರು. ಮುಂದೆ ಹತ್ತಾರು ಪುಸ್ತಕಗಳನ್ನು ಬರೆದು, ತಿಂಮನೆಂಬ ಪಾತ್ರವನ್ನು ಕನ್ನಡಿಗರ ಮನೆಯ ಸದಸ್ಯನನ್ನಾಗಿ ಮಾಡಿದರು. ಗಂಭೀರವಾದ ಕಾದಂಬರಿಯೊಂದು ಒಬ್ಬ ಹಾಸ್ಯಗಾರನನ್ನು ಹುಟ್ಟಿಸಿತು. ಆ ಹಾಸ್ಯಗಾರನು ಸಾವಿರಾರು ಮಂದಿಯನ್ನು ಓದುಗರನ್ನಾಗಿ ಮಾಡಿದನು.

ಕನ್ನಡದಲ್ಲಿ ಇನ್ನೊಬ್ಬ ತಿಮ್ಮನೂ ಇದ್ದಾನೆ. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟದೆ, ಸ್ವಂತ ಓದಿನಿಂದಲೇ ಮಹಾವಿದ್ವಾಂಸರಾದ ಡಿ. ವಿ. ಗುಂಡಪ್ಪನವರು 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಪ್ರಕಟಿಸಿದರು. ಅದರಲ್ಲಿ 945 ಪದ್ಯಗಳಿವೆ. ಬಾಳಿನ ಒಗಟುಗಳನ್ನು ಕುರಿತು ಅಷ್ಟು ಆಳವಾಗಿ ಚಿಂತಿಸಿದ ಗ್ರಂಥಕ್ಕೆ ಅವರು ಇಟ್ಟ ಹೆಸರನ್ನು ನೋಡಿರಿ: ಹೇಳುವವನು ಮಂಕ, ಹೇಳಿದ್ದು ಕಗ್ಗ. ತನ್ನನ್ನು ತಾನು ನೋಡಿ ನಗಬಲ್ಲವನಿಗೆ ಮಾತ್ರ ಪರರಿಗೆ ಬುದ್ಧಿ ಹೇಳುವ ಅಧಿಕಾರವೆಂಬ ನೀತಿಯು ಆ ಹೆಸರಿನಲ್ಲಿಯೇ ಇದೆ. ವ್ಯಕ್ತಿತ್ವದ ವಿಕಾಸವು ಎಲ್ಲಿಂದ ಆರಂಭವಾಗಬೇಕೆಂದು ಕೇಳುವವರಿಗೆ ಇದೇ ಉತ್ತರ.

ಆದರೆ ಮನೆಯ ಹಾಸ್ಯವೆಲ್ಲವೂ ಒಳ್ಳೆಯದೆಂದು ನಾವು ಹೇಳಲಾರೆವು. ನಮ್ಮ ಹಳೆಯ ಪ್ರಹಸನಗಳಲ್ಲಿಯೂ ಹರಟೆಗಳಲ್ಲಿಯೂ ನಗೆಗೆ ಗುರಿಯಾದವರು ಬಹುಮಟ್ಟಿಗೆ ಎದುರು ಮಾತಾಡಲಾರದವರು: ಸೀರೆ ಕೇಳುವ ಹೆಂಡತಿ, ಅಡುಗೆ ಕೆಡಿಸಿದ ಸೊಸೆ, ಮಾತು ತೊದಲುವ ಆಳು, ಕಪ್ಪಗಿರುವ ಹುಡುಗಿ. ನಕ್ಕವರೆಲ್ಲರೂ ಎದ್ದುಹೋದ ಮೇಲೆ ಪಾತ್ರೆ ತೊಳೆಯುತ್ತ ಕಣ್ಣೊರಸಿಕೊಂಡವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಸುನಂದಮ್ಮನಂತಹ ಲೇಖಕಿಯರು ಬಂದು ಒಳಮನೆಯ ಕಡೆಯಿಂದ ನೋಡಿ ಬರೆದಾಗಲೇ, ಹಜಾರದಲ್ಲಿ ಕುಳಿತ ಯಜಮಾನನು ಎಷ್ಟು ನಗೆಗೆ ತಕ್ಕ ವಸ್ತುವೆಂಬುದು ಗಂಡಸರಿಗೆ ತಿಳಿದದ್ದು. ಒಳ್ಳೆಯ ಮನೆಹಾಸ್ಯಕ್ಕೆ ನಿಯಮವು ಒಂದೇ: ಯಾರನ್ನು ಕುರಿತು ನಗುತ್ತೇವೆಯೋ ಅವರೂ ನಮ್ಮೊಡನೆ ನಗುತ್ತಿರಬೇಕು, ನಾಳೆ ಅವರು ನಮ್ಮನ್ನು ಕುರಿತು ನಗುವುದಕ್ಕೆ ಸ್ವಾತಂತ್ರ್ಯವಿರಬೇಕು. ಓದು ಈ ಸೂಕ್ಷ್ಮವನ್ನು ಕಲಿಸುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’ ಎಂಬ ಪುಸ್ತಕದಲ್ಲಿ ಗ್ರಾಮದ ಜನರನ್ನು ಕುರಿತು ನಗೆಯಿದೆ, ಆದರೆ ತಾತ್ಸಾರವಿಲ್ಲ. ಲೇಖಕನು ಆ ಜನರ ಪಂಕ್ತಿಯಲ್ಲಿಯೇ ಕುಳಿತು ನಗುತ್ತಾನೆ. ಹತ್ತು ಪುಟ ಓದಿದವನಿಗೆ ಆ ಎರಡರ ವ್ಯತ್ಯಾಸವು ಹೃದ್ಗತವಾಗುತ್ತದೆ.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ರಾತ್ರಿಯ ಊಟವಾದ ಮೇಲೆ ಒಂದು ಮನೆಯಲ್ಲಿ ನಾಲ್ವರಿದ್ದರೆ ನಾಲ್ವರ ಕೈಯಲ್ಲಿಯೂ ನಾಲ್ಕು ಮೊಬೈಲುಗಳು. ನಾಲ್ವರೂ ನಗುತ್ತಿರುತ್ತಾರೆ, ಆದರೆ ಒಬ್ಬರ ನಗೆಯ ಕಾರಣ ಇನ್ನೊಬ್ಬರಿಗೆ ತಿಳಿಯದು. ನಗೆಗೆ ಕೊರತೆಯಿಲ್ಲ, ಜೊತೆಗೆ ಕೊರತೆ. ಇದಕ್ಕಿಂತಲೂ ಆಳವಾದ ಅಪಾಯ ಬೇರೊಂದಿದೆ. ಬೇರೆ ಮಾಧ್ಯಮದಲ್ಲಿ ಓದುವ ನಮ್ಮ ಅನೇಕ ಮಕ್ಕಳು ಕನ್ನಡವನ್ನು ಆಡಬಲ್ಲರು, ಸರಾಗವಾಗಿ ಓದಲಾರರು. ಅಜ್ಜಿಯು ಕಣ್ಣಿಗೆ ಒತ್ತಿಕೊಂಡು ಇಟ್ಟ ಪುಸ್ತಕಗಳು ಮೊಮ್ಮಗಳ ಪಾಲಿಗೆ ಮೂಕವಾಗಿವೆ. ಹಾಸ್ಯವು ಭಾಷೆಯ ಅತ್ಯಂತ ಸುಕುಮಾರವಾದ ಅಂಗ. ಇತರ ಜ್ಞಾನವನ್ನು ಭಾಷಾಂತರದಿಂದ ಪಡೆಯಬಹುದು, ಆದರೆ ಅಜ್ಜಿಯು ಯಾವ ಮಾತಿಗೆ ನಕ್ಕಳೆಂಬುದನ್ನು ಭಾಷಾಂತರದಿಂದ ಪಡೆಯಲಾಗದು. ಎರಡು ತಲೆಮಾರುಗಳು ಒಂದೇ ಮಾತಿಗೆ ನಗುವುದನ್ನು ನಿಲ್ಲಿಸಿದ ದಿನ ಆ ಮನೆಯಲ್ಲಿ ಒಂದು ಗೋಡೆ ಎದ್ದಿತೆಂದೇ ತಿಳಿಯಬೇಕು.

ಪುಸ್ತಕಗಳಿಗೆ ಬೆಲೆ ಹೆಚ್ಚು ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಆದರೆ ವಾಚಕರು ತಮ್ಮ ಮನೆಗಂದಾಯದ ರಸೀತಿಯನ್ನು ಒಮ್ಮೆ ತೆಗೆದು ನೋಡಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಆಸ್ತಿತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯದ ಕರ ವಸೂಲಾಗುತ್ತದೆ. ಪಟ್ಟಣದ ಗ್ರಂಥಾಲಯದಲ್ಲಿರುವ ಪುಸ್ತಕಗಳಿಗೆ ಮನೆಯ ಯಜಮಾನನು ಆಗಲೇ ಹಣ ಕೊಟ್ಟಿದ್ದಾನೆ. ಹೋಗಿ ತರುವುದಷ್ಟೇ ಬಾಕಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳೆಂಬ ಹೆಸರಿನಿಂದ ಬಾಗಿಲು ತೆರೆದಿವೆ. ವಸೂಲಾದ ಕರವು ಸಕಾಲದಲ್ಲಿ ಗ್ರಂಥಾಲಯಗಳಿಗೆ ತಲುಪುವಂತೆ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳ ಧರ್ಮ. ಈ ಪುಟವನ್ನು ಓದುವ ಅಧಿಕಾರಿಗಳಲ್ಲಿ ಆ ಹೊಣೆಯುಳ್ಳವರು ನಾಳೆಯ ಕಡತಗಳಲ್ಲಿ ಅದನ್ನು ಮೇಲಕ್ಕೆ ಇಟ್ಟುಕೊಳ್ಳುವರೆಂದು ನಂಬುತ್ತೇವೆ.

ಸಮಯವಿಲ್ಲವೆಂಬ ಎರಡನೆಯ ಆಕ್ಷೇಪಣೆಗೆ ನಮ್ಮ ಸೂಚನೆ ಸರಳವಾದದ್ದು. ವಾರಕ್ಕೆ ಎರಡು ರಾತ್ರಿ, ಊಟವಾದ ಮೇಲೆ ಅರ್ಧ ಗಂಟೆ, ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಓದುವ ಸರದಿಯೂ ಪುಸ್ತಕವನ್ನು ಆರಿಸುವ ಹಕ್ಕೂ ಎಲ್ಲರಿಗೂ ಬರಲಿ. ಎಂಟು ವರ್ಷದ ಹುಡುಗನಿಗೂ ಬರಲಿ. ಅವನು ತಡವರಿಸಿ ಓದಿದರೆ ತಿದ್ದೋಣ, ಅಣಕಿಸುವುದು ಬೇಡ. ಒಂದು ರಾತ್ರಿ ಕಗ್ಗದ ಎರಡು ಪದ್ಯ, ಮತ್ತೊಂದು ರಾತ್ರಿ ಕೈಲಾಸಂ ಅವರ ಒಂದು ದೃಶ್ಯ, ಇನ್ನೊಂದು ರಾತ್ರಿ ಹಳೆಯ ‘ಕೊರವಂಜಿ’ಯ ಒಂದು ಪುಟ. ಮುಖ್ಯವಾದ ಷರತ್ತೊಂದಿದೆ: ಆ ಅರ್ಧ ಗಂಟೆಯಲ್ಲಿ ಅಡುಗೆಮನೆಯ ಕೆಲಸವನ್ನು ಗಂಡಸರೂ ಮಕ್ಕಳೂ ಮೊದಲೇ ಹಂಚಿಕೊಂಡು ಮುಗಿಸಿರಬೇಕು. ಮನೋರಮೆಗೆ ಕುಳಿತು ಕೇಳುವ ಬಿಡುವಿದ್ದುದರಿಂದಲೇ ಮುದ್ದಣನ ಕಥೆ ನಡೆಯಿತೆಂಬುದನ್ನು ಮರೆಯಬಾರದು. ಮನೆಯೊಡತಿಯು ಪಾತ್ರೆಗಳ ನಡುವೆ ನಿಂತು ದೂರದಿಂದ ಕೇಳಬೇಕಾದರೆ, ಆ ಓದಿನಿಂದ ಯಾರೂ ಬೆಳೆದಂತಾಗಲಿಲ್ಲ.

ಇದರಿಂದ ಪದವಿ ಹೆಚ್ಚುವುದಿಲ್ಲ, ಸಂಬಳವೂ ಏರುವುದಿಲ್ಲ. ಆದರೆ ಒಂದು ವರ್ಷವಾದ ಮೇಲೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ನಾಲ್ಕು ಕಥೆಗಳೂ, ಹೇಳಿದೊಡನೆ ಎಲ್ಲರೂ ನಗುವ ಹತ್ತು ಮಾತುಗಳೂ ಉಳಿದಿರುತ್ತವೆ. ಕಷ್ಟದ ದಿನ ಬಂದಾಗ ಅವುಗಳಲ್ಲೊಂದನ್ನು ಯಾರಾದರೂ ನೆನಪಿಸುತ್ತಾರೆ. ಆಗ ಮನೆಯು ನಿಲ್ಲುತ್ತದೆ.